ಬಾವಲಿ ನೋಡಲು ಹಾಕಿದ ದೀಪ

ಬೀದಿ ದೀಪಗಳ ಕೆಲಸದಲ್ಲಿದ್ದುದರಿಂದ ಊರಿನವರ ಬಾಯಲ್ಲಿ ಅವನು ಲೈಟಣ್ಣ. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವಳು, ಹಾಗಾಗಿ ಟೈಲರಮ್ಮ. ಒಬ್ಬ ಊರಿಗೆ ಬೆಳಕು ಕೊಡುವವನು, ಇನ್ನೊಬ್ಬಳು ಊರಿನ ಮಾನ ಮುಚ್ಚುವವಳು, ಇವರನ್ನು ಎದುರು ಹಾಕಿಕೊಂಡರೆ ಉಳಿಗಾಲವಿಲ್ಲ ಎಂದು ನೆರೆಹೊರೆಯವರು ನಗುತ್ತಿದ್ದರು.

ಅವರಿದ್ದದ್ದು ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ಹಿಂಭಾಗದಲ್ಲಿ ಎರಡು ಕುರ್ಚಿ ಹಿಡಿಸುವಷ್ಟು ಬಾಲ್ಕನಿ. ಅದರೆದುರು ಒಂದು ಖಾಲಿ ಜಾಗ, ಅದರಾಚೆ ಮುಚ್ಚಿಹೋದ ಹತ್ತಿ ಗಿರಣಿಯ ಹಿಂಗೋಡೆ. ಗೋಡೆಯ ನೆತ್ತಿಯಲ್ಲಿ, ಸೂರಿನ ಕೆಳಗೆ, ಹಿಂದೆ ಹತ್ತಿಯ ಧೂಳು ಹೊರಹೋಗಲೆಂದು ಬಿಟ್ಟಿದ್ದ ದುಂಡನೆಯ ಕಿಂಡಿಗಳ ಸಾಲು. ಕತ್ತಲಾಗುವ ಹೊತ್ತಿಗೆ ಆ ಕಿಂಡಿಗಳಿಂದ ಬಾವಲಿಗಳು ಹೊರಡುತ್ತಿದ್ದವು. ಹಣ್ಣು ತಿನ್ನುವ ದೊಡ್ಡ ಜಾತಿಯಲ್ಲ. ಹುಳ ಹಿಡಿಯುವ, ಹೆಬ್ಬೆರಳಿನಷ್ಟು ಮೈಯ ಪುಟ್ಟ ಜಾತಿ.

ಬಾವಲಿಯ ಮನೆಗೆ ನೆಂಟನಾಗಿ ಹೋದ ಬಾವಲಿಗೆ ‘ನಾನೂ ಜೋತುಬಿದ್ದಿದ್ದೇನೆ, ನೀನೂ ಜೋತುಬೀಳು’ ಎಂಬ ಉಪಚಾರ ಸಿಕ್ಕಿತಂತೆ. ಹೊಸದಾಗಿ ಮದುವೆಯಾಗಿ ಬಂದ ಟೈಲರಮ್ಮನಿಗೂ ಆ ಮನೆಯಲ್ಲಿ ಸಿಕ್ಕ ಉಪಚಾರ ಅಂಥದ್ದೇ. ಅತ್ತೆ, ಇಬ್ಬರು ಮೈದುನರು, ಕಾಲು ನೀಡಿದರೆ ಯಾರದೋ ತಲೆಗೆ ತಾಗುವಂಥ ಇಕ್ಕಟ್ಟು. ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಲು ಇದ್ದದ್ದು ಆ ಬಾಲ್ಕನಿ ಒಂದೇ. ಅದೂ ಸಂಜೆ, ಅತ್ತೆ ಅಡುಗೆಗೆ ಎದ್ದ ಮೇಲೆ, ಅವನು ದೀಪ ಹಾಕಲು ಹೊರಡುವ ಮುಂಚೆ.

ಆ ಕಾಲಕ್ಕೆ ಬೀದಿ ದೀಪಗಳು ತಾವಾಗಿ ಹೊತ್ತಿಕೊಳ್ಳುತ್ತಿರಲಿಲ್ಲ. ಬೀದಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಬೀಗ, ಬೀಗದ ಕೈಗಳ ಗೊಂಚಲು ಲೈಟಣ್ಣನ ಸೊಂಟದಲ್ಲಿ. ಬೇಗ ಹಾಕಿದರೆ ಕರೆಂಟು ದಂಡವೆಂದು ಕಚೇರಿಯವರು ಬೈಯುತ್ತಿದ್ದರು, ತಡವಾದರೆ ಊರಿನವರು ಬೈಯುತ್ತಿದ್ದರು. ಗಡಿಯಾರ ನೋಡಿ ಹಾಕೋಣವೆಂದರೆ ಮೋಡದ ದಿನ ಒಂದು ಲೆಕ್ಕ, ಬಿಸಿಲಿನ ದಿನ ಇನ್ನೊಂದು ಲೆಕ್ಕ. ಲೈಟಣ್ಣ ಗಡಿಯಾರವನ್ನು ಬಿಟ್ಟು ಬಾವಲಿಗಳನ್ನು ನಂಬಿದ. ಅವು ಹೊರಟವೆಂದರೆ ಎದ್ದು ಚಪ್ಪಲಿ ಮೆಟ್ಟುವುದು. ಆಮೇಲೆ ಯಾರ ಬೈಗುಳವೂ ಬರಲಿಲ್ಲ.

ಹಾಗಾಗಿ ಇಬ್ಬರೂ ಕುರ್ಚಿ ಹಾಕಿಕೊಂಡು ಕಿಂಡಿಗಳನ್ನೇ ನೋಡುತ್ತ ಕೂರುತ್ತಿದ್ದರು. ಅವನಿಗೆ ಹೋಗಬೇಕಲ್ಲ ಎಂಬ ಯೋಚನೆ, ಅವಳಿಗೆ ಹೋಗಿಬಿಡುತ್ತಾನಲ್ಲ ಎಂಬ ಯೋಚನೆ. ಮೊದಲ ಬಾವಲಿ ಹೊರಬಂದರೆ ಅವಳು, “ಅದು ಲೆಕ್ಕಕ್ಕಿಲ್ಲ, ಅದಕ್ಕೇನೋ ಅವಸರ” ಎನ್ನುತ್ತಿದ್ದಳು. ಎರಡನೆಯದು ಬಂದರೆ, “ಅದು ಮೊದಲನೇದನ್ನ ಕರ್ಕೊಂಡು ಬರೋಕೆ ಹೋಗಿದ್ದು.” ಆಮೇಲೆ ಎಲ್ಲ ಕಿಂಡಿಗಳಿಂದಲೂ ಒಟ್ಟಿಗೇ ಸುರಿದುಕೊಂಡು ಬಂದು, ತಲೆಯ ಮೇಲೆ ಸರಸರನೆ ಹಾದು ಹೋಗುವಾಗ ಅವಳ ನೆಪಗಳೆಲ್ಲ ಮುಗಿಯುತ್ತಿದ್ದವು. “ಹೋಗಿ ಮಾರಾಯರೇ, ಊರು ಕತ್ತಲಲ್ಲಿದೆ” ಎಂದು ತಾನೇ ಎದ್ದು ಚಪ್ಪಲಿ ಮುಂದಿಡುತ್ತಿದ್ದಳು.

ಕಾಲ ಹೋಯಿತು. ಅತ್ತೆ ತೀರಿಕೊಂಡರು, ಮೈದುನರು ಬೇರೆ ಮನೆ ಮಾಡಿದರು, ಮಕ್ಕಳಾಗಲಿಲ್ಲ. ಬೀದಿ ದೀಪಗಳಿಗೆ ತಾವೇ ಹೊತ್ತಿಕೊಳ್ಳುವ ಬುದ್ಧಿ ಬಂತು. ಮನೆಯ ತುಂಬ ಜಾಗವಾದರೂ ಇಬ್ಬರೂ ಸಂಜೆ ಹೋಗಿ ಕೂರುತ್ತಿದ್ದದ್ದು ಅದೇ ಬಾಲ್ಕನಿಯಲ್ಲಿ.

ಊರು ಬೆಳೆಯಿತು ಎನ್ನುತ್ತಾರೆ. ಏನು ಬೆಳೆಯಿತು ಎಂದು ಮಾತ್ರ ಕೇಳಬಾರದು. ಗಿರಣಿಯ ಹಿಂಬದಿಯ ಮೂಲೆಯಲ್ಲಿ ಒಂದು ಕೊಳವಿತ್ತು. ಬಾವಲಿಗಳು ಹೊರಟೊಡನೆ ಮೊದಲು ಹಾರುತ್ತ ಹಾರುತ್ತಲೇ ಅದರ ನೀರಿಗೆ ಮೂತಿ ತಾಗಿಸಿ ಹೋಗುತ್ತಿದ್ದವು. ಅದಕ್ಕೆ ಮಣ್ಣು ತುಂಬಿ ಲಾರಿ ನಿಲ್ಲಿಸುವ ಜಾಗ ಮಾಡಿದರು. ಕಾಲುವೆಯುದ್ದದ ಮರಗಳ ಸಾಲನ್ನು ರಸ್ತೆ ಅಗಲಿಸಲು ಕಡಿದರು. ಹಳೆಯ ಗೋದಾಮುಗಳನ್ನು ಕೆಡವಿ ಗಾಜಿನ ಅಂಗಡಿ ಕಟ್ಟಿದರು. ಮರ ಹೋದಲ್ಲೆಲ್ಲ ಕಂಬ ಬಂತು, ಕಂಬದ ತುದಿಗೆ ಹಾಲುಬಿಳುಪಿನ ದೀಪ ಬಂತು. ಅವನ್ನು ಏಣಿ ಹತ್ತಿ ಕೂರಿಸಿದವನು ಲೈಟಣ್ಣನೇ. ಒಂದೊಂದು ರಸ್ತೆ ಬೆಳಗಿದ ಹಾಗೆಲ್ಲ ಬಾವಲಿಗಳು ಆ ಕಡೆ ಹಾರುವುದನ್ನು ಬಿಟ್ಟವು. ಕಡೆಗೆ ಅವಕ್ಕೆ ಉಳಿದದ್ದು ಈ ಬಾಲ್ಕನಿಯ ಮುಂದಿನ ಕತ್ತಲೆಯ ಪಟ್ಟಿ ಒಂದೇ. ಇದ್ದ ಸಂಖ್ಯೆಯಲ್ಲಿ ಅರ್ಧಕ್ಕರ್ಧ ಹೋಗಿತ್ತು.

“ಊರೆಲ್ಲ ಬೆಳಗಿಸಿ ನನ್ನ ನೆಂಟರನ್ನ ಓಡಿಸ್ತಿದೀರಿ ನೀವು” ಎಂದು ಟೈಲರಮ್ಮ ಕೆಣಕುತ್ತಿದ್ದಳು.

“ನಿನ್ನ ಕಡೆಯವರಲ್ವಾ, ನಾಚಿಕೆ ಜಾಸ್ತಿ” ಎಂದು ಅವನು ನಗುತ್ತಿದ್ದ.

ಅಲ್ಲೇ ಅವನಿಗೆ ಅರ್ಥವಾಗಬೇಕಿತ್ತು. ಆದರೆ ಜೀವಮಾನವೆಲ್ಲ ದೀಪ ಹಾಕಿ ಹೊಟ್ಟೆ ಹೊರೆದವನಿಗೆ ದೀಪದಿಂದ ಕೆಡುಕಾಗುತ್ತದೆ ಎಂದು ಹೊಳೆಯುವುದಾದರೂ ಹೇಗೆ? ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಂದು ಸಂಜೆ ಅವನು, “ಅಗೋ, ಹೊರಟ್ವು” ಎಂದ.

“ಎಲ್ಲಿ?” ಎಂದಳು.

“ಎಲ್ಲಿ ಅಂದ್ರೆ? ತಲೆ ಮೇಲೇ ಹೋಗ್ತಿವೆಯಲ್ಲೇ.”

“ಆಟ ಆಡ್ಬೇಡಿ. ಇನ್ನೂ ಒಂದೂ ಬಂದಿಲ್ಲ.”

ಅವಳು ಕಣ್ಣು ಕಿರಿದು ಮಾಡಿಕೊಂಡು ಗಿರಣಿಯ ಕಡೆಗೇ ನೋಡುತ್ತಿದ್ದಳು. ಬಾವಲಿಗಳು ಅವಳ ಮುಖಕ್ಕೆ ಗಾಳಿ ತಾಗುವಷ್ಟು ಹತ್ತಿರದಲ್ಲಿ ಹಾದು ಹೋಗುತ್ತಿದ್ದವು. ಲೈಟಣ್ಣ ಆಕಾಶ ಬಿಟ್ಟು ಅವಳ ಮುಖ ನೋಡಿದ. ಕೆಲವು ತಿಂಗಳುಗಳಿಂದ ಅವಳು ಸಂಜೆ ಹೊತ್ತು ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆಯುತ್ತಿದ್ದದ್ದು, ನೀರಿನ ಲೋಟ ಹುಡುಕಲು ಮೇಜನ್ನು ಸವರುತ್ತಿದ್ದದ್ದು, ಎಲ್ಲ ಒಟ್ಟಿಗೇ ನೆನಪಾಯಿತು.

ಕಣ್ಣಿನ ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಮಾತಾಡಲಿಲ್ಲ. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಂಚುಗಳು, ಕಡೆಗೆ ನಡು. ಔಷಧಿಯಿಲ್ಲ. ಸದ್ಯ ಹಗಲು ಬೆಳಕಲ್ಲಿ ನೇರ ಎದುರಿಗಿರುವುದು ಕಾಣುತ್ತದೆ, ಎಷ್ಟು ಕಾಲವೋ ಹೇಳಲಾಗದು.

“ಅಂಚಿಂದ ಬಿಚ್ಕೊಂಡು ಬರೋ ಬಟ್ಟೆ ಅನ್ನಿ” ಎಂದಳು ಟೈಲರಮ್ಮ. ಡಾಕ್ಟರು ಹೌದೆಂದು ತಲೆಯಾಡಿಸಿದರು. “ಹೊಲಿಯೋದು ನನಗೆ ಬರುತ್ತೆ, ಆದ್ರೆ ಇದಕ್ಕೆ ಅಂಚು ಎಲ್ಲಿದೆ ಅಂತ ಗೊತ್ತಿಲ್ಲ” ಎಂದು ನಕ್ಕಳು. ಬಸ್ಸಿನಲ್ಲಿ ಮನೆಯವರೆಗೂ ಅವಳು ಒಂದೇ ಸಮನೆ ಏನೇನೋ ಹರಟುತ್ತ ಬಂದಳು. ಲೈಟಣ್ಣ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಅವಳು ಅಳುಬುರುಕಿಯಲ್ಲ. ಹಗಲಲ್ಲಿ ಹೊಲಿಯುತ್ತಿದ್ದಳು, ಬೆರಳಿನ ಅಂದಾಜಿನಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು, ಅಳತೆಗೆ ಬಂದವರ ಸೊಂಟ ದಪ್ಪವಾದದ್ದನ್ನು ಮುಲಾಜಿಲ್ಲದೆ ಹೇಳುತ್ತಿದ್ದಳು. ಸಂಜೆ ಮಾತ್ರ ಬಾಲ್ಕನಿಯಲ್ಲಿ ಕೂತು, “ಬಂದ್ವಾ?” ಎಂದು ಕೇಳುತ್ತಿದ್ದಳು. ಅವನು, “ಬಂದ್ವು” ಎಂದರೆ ಕತ್ತೆತ್ತಿ ಆಕಾಶವನ್ನು ನೋಡುತ್ತಿದ್ದಳು. ಅವನ ಮಾತೇ ಅವಳ ಕಣ್ಣಾಗಿತ್ತು.

ಒಮ್ಮೆ ಹೀಗೆ ಕೂತಿದ್ದಾಗ ಹೇಳಿದಳು: “ರೀ, ಅವು ಹೊರಡೋದನ್ನ ಇನ್ನೊಂದ್ಸಲ ನೋಡ್ಬೇಕು ಅನ್ಸುತ್ತೆ. ಒಂದೇ ಒಂದ್ಸಲ. ಆಮೇಲೆ ಈ ಕಣ್ಣು ಹಾಳಾಗಿ ಹೋಗ್ಲಿ, ನಾನು ಕೇಳಲ್ಲ.”

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಇದು ಬೇಕು ಎಂದು ಕೇಳಿದ್ದೇ ಇಲ್ಲ. ಒಂದು ಚಿನ್ನದೆಳೆಗೆ, ಒಂದು ಪ್ರವಾಸಕ್ಕೆ, ಯಾವುದಕ್ಕೂ ಬಾಯಿ ತೆರೆದವಳಲ್ಲ. ಈಗ ಕೇಳಿದಳು. ಅವನು ಅವತ್ತು ಊಟ ಮಾಡುವಾಗಲೂ ಅದನ್ನೇ ಯೋಚಿಸಿದ. ಯೋಚಿಸಿ ಯೋಚಿಸಿ ಅವನಿಗೆ ಹೊಳೆದದ್ದು, ಜಗತ್ತಿನಲ್ಲಿ ಅವನೊಬ್ಬನಿಗೇ ಹೊಳೆಯಬಹುದಾದದ್ದು. ಅವಳಿಗೆ ಕತ್ತಲಲ್ಲಿ ಕಾಣುವುದಿಲ್ಲ, ಬೆಳಕಲ್ಲಿ ಕಾಣುತ್ತದೆ. ಹಾಗಾದರೆ ಬೆಳಕು ಹಾಕಿದರಾಯಿತು! ತಾನು ಇರುವುದಾದರೂ ಏತಕ್ಕೆ?

ಆಟದ ಮೈದಾನದಿಂದ ಬಿಚ್ಚಿ ತಂದ ದೊಡ್ಡದೊಂದು ದೀಪ ಉಗ್ರಾಣದಲ್ಲಿ ಸುಮ್ಮನೆ ಬಿದ್ದಿತ್ತು. ಅವನು ಸೂಪರ್ವೈಸರನ್ನು ಕೇಳಿದ. ಹೆಂಡತಿಯ ವಿಷಯ ಹೇಳಲು ನಾಚಿಕೆಯಾಗಿ, ಗಿರಣಿಯ ಹಿಂದೆ ಕತ್ತಲಿದೆ, ಕಳ್ಳರು ಕಬ್ಬಿಣ ಹೊರುತ್ತಾರೆ ಎಂದ. ಸೂಪರ್ವೈಸರು ಖುಷಿಯಾದ. “ಹಾಕು, ಹಾಕು. ಆದ್ರೆ ಹಾಕಿದ್ಮೇಲೆ ಬೆಳಗಿನ ತನಕ ಉರೀಬೇಕು. ಸಂಜೆ ಒಂದು ಗಳಿಗೆ ಹಾಕಿ ಆರಿಸೋಕೆ ಅದೇನು ಮದುವೆ ಮನೆ ಫೋಟೋ ಲೈಟಾ?”

ಲಾರಿ ನಿಲ್ಲಿಸುವ ಜಾಗದಲ್ಲಿದ್ದ ಕಂಬಕ್ಕೆ ಏಣಿ ಒರಗಿಸಿ, ಊದಿದ ಮೊಣಕಾಲನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿಡುತ್ತ, ಲೈಟಣ್ಣ ದೀಪವನ್ನು ಮೇಲಕ್ಕೆ ಸಾಗಿಸಿದ. ಅದರ ಮುಖವನ್ನು ಕಿಂಡಿಗಳ ಸಾಲಿಗೇ ಸರಿಯಾಗಿ ತಿರುಗಿಸಿ ಬಿಗಿದ. ಒಂದು ಕಿಂಡಿಯೂ ತಪ್ಪಬಾರದು. ಸ್ವಿಚ್ಚು ಮಾತ್ರ ಗಿರಣಿಯ ಮುಂಬದಿಯಲ್ಲಿ, ರಸ್ತೆಯ ಗೇಟಿನ ಪಕ್ಕದ ಕಾವಲುಗಾರನ ಗೂಡಿನೊಳಗೆ. ಅಲ್ಲಿಂದ ಹಿಂಗೋಡೆ ಕಾಣದು.

ಮೊದಲ ಸಂಜೆ ಸ್ವಿಚ್ಚು ಒತ್ತಿ ಅಲ್ಲಿಂದಲೇ ಮನೆಗೆ ಫೋನು ಮಾಡಿದ.

“ಕಾಣ್ತಾ?”

“ಅಯ್ಯೋ, ಗೋಡೆ ಕಾಣ್ತಿದೆ ರೀ! ಒಂದೊಂದು ಇಟ್ಟಿಗೇನೂ ಕಾಣ್ತಿದೆ. ಕಿಂಡಿ ಕಾಣ್ತಿದೆ!” ಅವಳ ದನಿ ಹುಡುಗಿಯ ದನಿಯಾಗಿತ್ತು.

“ಗೋಡೆ ಇರ್ಲಿ. ಅವು?”

“ಇನ್ನೂ ಇಲ್ಲ.”

ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕಾದ. ಕಾವಲುಗಾರ ಚಹಾ ಕೊಟ್ಟ. ಅದು ಕೈಯಲ್ಲೇ ಆರಿತು. ಆಕಾಶದಲ್ಲಿ ಕೊನೆಯ ಬೆಳಕೂ ಹೋಯಿತು.

“ಈಗ ಬಂದಿರ್ಬೇಕಲ್ಲೇ. ಹೊತ್ತಾಯ್ತು.”

ಆ ಕಡೆ ಕುರ್ಚಿ ಮುಂದಕ್ಕೆ ಸರಿದ ಸದ್ದಾಯಿತು. ಆಮೇಲೆ, “ಹೂಂ. ಬಂದ್ವು” ಎಂದಳು. “ಬಂದ್ವು ಕಣ್ರೀ. ಎಷ್ಟೊಂದು!”

ಲೈಟಣ್ಣನಿಗೆ ಕಣ್ಣು ತುಂಬಿ ಬಂತು. ಕಾವಲುಗಾರನ ಮುಂದೆ ಅಳುವುದು ಹೇಗೆಂದು ಗೋಡೆಯ ಕಡೆ ತಿರುಗಿ ಚಹಾ ಕುಡಿದ.

ಆ ದಿನಗಳಲ್ಲಿ ಅವನಿಗೆ ಸಂಜೆಯೆಲ್ಲ ಹೊರವಲಯದ ಹೊಸ ರಸ್ತೆಯಲ್ಲಿ ಕೆಲಸ. ಉದ್ಘಾಟನೆ ಹತ್ತಿರ ಬಂದಿತ್ತು, ಕಂಬಗಳ ಸಾಲೇ ಬಾಕಿಯಿತ್ತು, ಯಾರಿಗೂ ರಜೆಯಿರಲಿಲ್ಲ. ಹೋಗುವ ದಾರಿಯಲ್ಲಿ ಗೇಟಿನ ಬಳಿ ನಿಂತು ಸ್ವಿಚ್ಚು ಹಾಕಿ ಹೋಗುತ್ತಿದ್ದ, ಊಟದ ಹೊತ್ತಿಗೆ ಮನೆಗೆ ಬಂದು, “ಇವತ್ತು?” ಎನ್ನುತ್ತಿದ್ದ. ಅವಳು ತಟ್ಟೆ ಹಾಕುತ್ತ ಹೇಳುತ್ತಿದ್ದಳು: ಮೊದಲನೆಯದು ಎಂದಿನಂತೆ ಅವಸರದಲ್ಲೇ ಇತ್ತಂತೆ, ಎರಡನೆಯದು ಅದನ್ನು ಕರೆದುಕೊಂಡು ಬರಲು ಹೋಯಿತಂತೆ, ಆಮೇಲೆ ಸುರಿದವಂತೆ. ಕೇಳಿ ಅವನ ಹೊಟ್ಟೆ ಅರ್ಧ ತುಂಬುತ್ತಿತ್ತು. ನಾನೂ ಒಂದು ಸಂಜೆ ಕೆಲಸ ತಪ್ಪಿಸಿ ಬಂದು ಕೂರುತ್ತೇನೆ ಎಂದರೆ, “ಬೇಡ ಬೇಡ, ಸುಮ್ನೆ ಬೈಸ್ಕೊಳ್ತೀರಿ” ಎಂದು ಗಡಿಬಿಡಿಯಿಂದ ತಡೆದಳು. ತನ್ನ ಪಾಡಿಗೆ ತಾನು ನೋಡಿಕೊಳ್ಳಲಿ ಎಂದು ಅವನೂ ಸುಮ್ಮನಾದ.

ಕಾವಲುಗಾರ ಕೂಡ ಒಂದು ಸಂಜೆ ಹೇಳಿದ: “ನಿಮ್ಮ ಲೈಟು ಬಂದ್ಮೇಲೆ ಒಳಗೆ ಅವುಗಳ ಗಲಾಟೆಯೋ ಗಲಾಟೆ ಲೈಟಣ್ಣ. ರಾತ್ರಿಯೆಲ್ಲ ಕಿಚಿಕಿಚಿ. ಸಂಭ್ರಮ ನೋಡಿ ಅವಕ್ಕೆ.”

“ಇರ್ಲಿ ಬಿಡಿ” ಎಂದು ಲೈಟಣ್ಣ ಹೆಮ್ಮೆಯಿಂದ ನಕ್ಕ.

ಕೆಲವು ದಿನಗಳಾದ ಮೇಲೆ ಬಾಲ್ಕನಿಯ ಕಡೆಯಿಂದ ವಾಸನೆ ಬರತೊಡಗಿತು. ಎಲ್ಲೋ ಇಲಿ ಸತ್ತಿದೆ ಎಂದಳು ಟೈಲರಮ್ಮ. ಅವನು ಬೀರು ಸರಿಸಿದ, ಬಚ್ಚಲ ಹಿಂದೆ ಕೋಲು ಹಾಕಿ ಕೆದಕಿದ, ಏನೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಕಾವಲುಗಾರ ಕೆಳಗಿನಿಂದ ಕೂಗಿದ. “ಲೈಟಣ್ಣ, ಸ್ವಲ್ಪ ಬರ್ತೀರಾ?” ಅವನ ದನಿಯಲ್ಲಿ ಎಂದಿನ ಸಲುಗೆ ಇರಲಿಲ್ಲ.

ಗಿರಣಿಯೊಳಗೆ ಯಂತ್ರಗಳನ್ನು ಯಾವತ್ತೋ ಹೊತ್ತೊಯ್ದಿದ್ದರು. ಉದ್ದನೆಯ ಖಾಲಿ ಹಜಾರ, ಮೇಲೆ ಮರದ ತೊಲೆಗಳು. ಕಾವಲುಗಾರ ಮೂಗಿಗೆ ಬಟ್ಟೆ ಹಿಡಿದುಕೊಂಡು ಮುಂದೆ ನಡೆದ. ಕಿಂಡಿಗಳ ಕೆಳಗೆ ನೆಲದ ಮೇಲೆ ಮರಿಗಳು ಬಿದ್ದಿದ್ದವು. ಕೂದಲು ಬಾರದ, ಕಂದು ಗುಲಾಬಿ ಬಣ್ಣದ ಮೈ, ಕಣ್ಣು ಇನ್ನೂ ಸರಿಯಾಗಿ ಬಿಟ್ಟಿರದ ಮರಿಗಳು. ಅವುಗಳ ನಡುವೆ ಅಲ್ಲಲ್ಲಿ ದೊಡ್ಡವೂ ಇದ್ದವು, ಒಣಗಿ ಹಗುರಾಗಿದ್ದವು. ತೊಲೆಗೆ ಜೋತುಬಿದ್ದಿದ್ದವುಗಳಲ್ಲಿ ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ತಿಳಿಯುವಂತಿರಲಿಲ್ಲ. ಎಲ್ಲೋ ಒಂದೆರಡು ಕಡೆ ಕ್ಷೀಣವಾದ ಕಿಚಿಕಿಚಿ ಕೇಳುತ್ತಿತ್ತು.

“ರಾತ್ರಿ ಟಾರ್ಚ್ ಹಿಡ್ಕೊಂಡು ಬಂದು ನೋಡ್ದೆ” ಎಂದ ಕಾವಲುಗಾರ. “ಕಿಂಡಿ ತನಕ ಬರ್ತಾವೆ, ಬೆಳಕು ಕಾಣುತ್ತೆ, ವಾಪಸ್ ಹೋಗ್ತಾವೆ. ಮತ್ತೆ ಬರ್ತಾವೆ, ಮತ್ತೆ ವಾಪಸ್. ಹಗಲಾಗಿದೆ ಅಂದ್ಕೊಂಡ್ವೋ, ಹದ್ದು ಹಿಡಿಯುತ್ತೆ ಅಂದ್ಕೊಂಡ್ವೋ. ಲೈಟು ಹಾಕಿದ ದಿನದಿಂದ ಒಂದೂ ಸರಿಯಾಗಿ ಆಚೆ ಹೋದ ಹಾಗಿಲ್ಲ. ಸಂಭ್ರಮ ಅಂದೆನಲ್ಲ ನಾನು, ಅದು ಹಸಿವು ಕಣಣ್ಣ.”

“ಹೋಗ್ತಿವೆ” ಎಂದ ಲೈಟಣ್ಣ. “ಏನ್ ಮಾತಾಡ್ತೀರಿ? ದಿನಾ ಹೋಗ್ತಿವೆ. ನನ್ನ ಹೆಂಡ್ತಿ ದಿನಾ ನೋಡ್ತಾಳೆ.”

ಟೈಲರಮ್ಮನ ಕಣ್ಣಿನ ವಿಷಯ ಊರಿಗೆಲ್ಲ ಗೊತ್ತಿತ್ತು. ಕಾವಲುಗಾರ ಕಾಲಿನ ಬೆರಳು ನೋಡಿಕೊಂಡು ನಿಂತ. ತಾನೇ ಆಡಿದ ಮಾತು ಲೈಟಣ್ಣನ ಕಿವಿಗೆ ಆಗ ಬಿತ್ತು.

ಅವನು ಕುಕ್ಕರಗಾಲಿನಲ್ಲಿ ಕೂತು ಒಂದು ಮರಿಯನ್ನು ಎತ್ತಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಯಾಕೆ ಎತ್ತಿಕೊಂಡೆನೆಂದು ಅವನಿಗೇ ತಿಳಿಯಲಿಲ್ಲ. ಹಾಗೇ ಬಿಟ್ಟು ಬರಲಾಗಲಿಲ್ಲ, ಅಷ್ಟೆ. ಗೇಟಿಗೆ ಬಂದು ದೀಪದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ.

ಮನೆಗೆ ಬಂದಾಗ ಟೈಲರಮ್ಮ ಕಿಟಕಿಯ ಪಕ್ಕ ಕೂತು ಒಂದು ತೋಳಿಗೆ ಹೊಲಿಗೆ ಹಾಕುತ್ತಿದ್ದಳು. ಮೆಟ್ಟಿಲು ಹತ್ತುವಾಗಲೇ ಅವನ ಸಿಟ್ಟು ನೆತ್ತಿಗೇರಿತ್ತು.

“ನೀನು ನೋಡಿದ್ಯಾ, ಇಲ್ವಾ?”

ಅವಳು ಹೊಲಿಗೆಯನ್ನು ಕೊನೆ ಮುಟ್ಟಿಸಿದಳು. ದಾರ ಕತ್ತರಿಸಿದಳು. “ಏನನ್ನ?”

“ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಬಾವಲೀನ ನೋಡಿದ್ಯಾ ಇಲ್ವಾ, ಅಷ್ಟು ಹೇಳು.”

“ಇಲ್ಲ.”

“ಒಂದಿನಾನೂ?”

“ಒಂದಿನಾನೂ ಇಲ್ಲ” ಎಂದಳು. ತಪ್ಪು ಸಿಕ್ಕಿಬಿದ್ದ ಮಗುವಿನಂತೆ ಬಟ್ಟೆಯನ್ನು ಮಡಿಲಲ್ಲಿ ಮಡಿಸಿದಳು, ಬಿಚ್ಚಿದಳು. “ಗೋಡೆ ಕಾಣ್ತಿತ್ತು. ಅವು ಕಾಣ್ಲಿಲ್ಲ. ನೀವು ಹೊತ್ತಾಯ್ತಲ್ಲ, ಬಂದಿರ್ಬೇಕು ಅಂದ್ರಿ. ಆವತ್ತೂ ಹೀಗೇ ಆಗಿತ್ತಲ್ವಾ, ನೀವು ಅಗೋ ಅಂದ್ರಿ, ನಾನು ಇಲ್ಲ ಅಂದೆ, ಆದ್ರೆ ಅವು ಇದ್ವು. ಆಮೇಲೆ ನನ್ನ ಕಣ್ಣನ್ನ ನಾನು ನಂಬೋದು ಬಿಟ್ಟೆ ರೀ. ಕಾಣದೇ ಇದ್ರೆ ಕಣ್ಣಿಂದೇ ತಪ್ಪು ಅಂದ್ಕೊಂಡೆ. ಆ ಮೊಣಕಾಲು ಇಟ್ಕೊಂಡು ಕಂಬ ಹತ್ತಿದ್ರಿ. ಇಷ್ಟೆಲ್ಲ ಮಾಡಿದ್ಮೇಲೂ ಕಾಣ್ಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?”

“ಒಂದು ಮಾತು ಹೇಳಿದ್ರೆ ಆವತ್ತೇ ಆರಿಸ್ತಿದ್ದೆನಲ್ಲೇ!”

ಅದು ಬಾಯಿಂದ ಬಿದ್ದ ಕೂಡಲೇ ಆಡಬಾರದಿತ್ತು ಎನಿಸಿತು. ಕಂಬ ಹತ್ತಿದವನು ತಾನು. ಕಿಂಡಿ ತಪ್ಪಬಾರದೆಂದು ಅಳೆದು ತಿರುಗಿಸಿದವನು ತಾನು. ಒಂದೇ ಒಂದು ಸಂಜೆ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರದವನೂ ತಾನೇ.

“ಯಾಕೆ? ಏನಾಯ್ತು?” ಎಂದಳು.

ಅವನು ಬಾಗಿಲಲ್ಲೇ ಕೂತು ಎಲ್ಲ ಹೇಳಿದ. ಅವಳು ನಡುವೆ ಒಂದೇ ಒಂದು ಮಾತು ಕೇಳಿದಳು.

“ಮರಿಗಳೂ?”

“ಮರಿಗಳೂ.”

ಹೊರಗೆ ಒಂದು ಲಾರಿ ಹಿಂದಕ್ಕೆ ಬರುತ್ತಿದ್ದ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಟೈಲರಮ್ಮ ಕೈ ಚಾಚಿದಳು. “ಜೇಬಲ್ಲಿ ಏನೋ ತಂದಿದೀರಿ. ವಾಸನೆ ಬರ್ತಿದೆ. ಕೊಡಿ.”

“ಬೇಡ ಕಣೇ.”

“ಕೊಡಿ ಅಂದ್ನಲ್ಲ.”

ಕರವಸ್ತ್ರವನ್ನು ಅವಳು ಯಂತ್ರದ ಹಲಗೆಯ ಮೇಲೆ ಬಿಚ್ಚಿದಳು. ಕಿಟಕಿಯ ಬೆಳಕು ಸಾಲದೆಂದು ಸೂಜಿಯ ಮೇಲಿನ ಪುಟ್ಟ ದೀಪವನ್ನೂ ಹಾಕಿಕೊಂಡಳು. ಸೂಕ್ಷ್ಮ ಹೊಲಿಗೆಯನ್ನು ನೋಡುವಾಗ ಮಾಡುವಂತೆ ಮುಖವನ್ನು ಹತ್ತಿರ ತಂದು, ಕಣ್ಣಿನ ನಡುವಿಗೆ ಸಿಗುವ ತನಕ ತಲೆಯನ್ನು ಅತ್ತಿತ್ತ ಆಡಿಸಿದಳು. ಸಿಕ್ಕಿತು. ಎರಡು ಬೆರಳ ತುದಿಯಲ್ಲಿ ರೆಕ್ಕೆಯನ್ನು ಮೆಲ್ಲನೆ ಬಿಡಿಸಿದಳು. ತೆಳುವಾದ ಅಸ್ತರಿನಂಥ ಚರ್ಮ, ಅದರೊಳಗೆ ದಾರದಷ್ಟು ಸಣ್ಣ ಎಲುಬುಗಳು.

“ಇದು ರೆಕ್ಕೆ ಅಲ್ಲ ರೀ” ಎಂದಳು. “ಕೈ. ನೋಡಿ ಇಲ್ಲಿ, ಬೆರಳು. ಒಂದು, ಎರಡು, ಮೂರು, ನಾಲ್ಕು. ಇದು ಹೆಬ್ಬೆರಳು, ಉಗುರೂ ಇದೆ. ಇಷ್ಟು ವರ್ಷ ನೋಡಿದೀನಿ, ಕೈ ಅಂತ ಗೊತ್ತೇ ಇರ್ಲಿಲ್ಲ.”

ಅವನು ಕೂತಲ್ಲಿಂದಲೇ ಕತ್ತು ಚಾಚಿ ನೋಡಿದ.

“ಕಿವಿ ಎಷ್ಟು ದೊಡ್ಡದು. ತುಟಿ ಇದೆ. ಎಲ್ಲಾ ಕಾಣ್ತಿದೆ.” ಅವಳು ಇನ್ನಷ್ಟು ಬಗ್ಗಿದಳು. “ಎಷ್ಟು ಚೆನ್ನಾಗಿ ಕಾಣ್ತಿದೆ ಕಣ್ರೀ.”

ಅಳು ಬಂದು ಕಣ್ಣು ಮಂಜಾದರೆ ಮತ್ತೆ ಕಾಣದಲ್ಲ ಎಂದು ಅವಳು ತೋಳಿನಿಂದ ಒರೆಸಿಕೊಂಡು ಒರೆಸಿಕೊಂಡು ನೋಡಿದಳು. ಲೈಟಣ್ಣ ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತ.

ಮಧ್ಯಾಹ್ನ ಸೂಪರ್ವೈಸರನ ಫೋನು ಬಂತು. ಫ್ಯೂಸು ಯಾಕೆ ಕಿತ್ತೆ ಎಂದು ಕೂಗಾಡಿದ. ಹೋಗಿ ಬರುವವರು ಬೆಳಗಿದ ಗೋಡೆಯೆದುರು ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದಾರೆ, ಇನ್ನೂ ಎರಡು ದೀಪ ಹಾಕಿಸೋಣವೆಂದು ತಾನು ಮೇಲಿನವರಿಗೆ ಹೇಳಿಯೂ ಆಗಿದೆ.

“ಒಳಗೆ ಬಾವಲಿಗಳು ಸತ್ತಿವೆ ಸಾರ್.”

“ಒಳ್ಳೇದೇ ಆಯ್ತಲ್ಲ, ಕಟ್ಟಡ ಕ್ಲೀನಾಯ್ತು.”

“ಫ್ಯೂಸು ಸುಟ್ಟಿದೆ ಸಾರ್. ಉಗ್ರಾಣದಲ್ಲಿ ಬೇರೆ ಇಲ್ಲ” ಎಂದ ಲೈಟಣ್ಣ. ಫ್ಯೂಸು ಅವನ ಜೇಬಿನಲ್ಲೇ ಇತ್ತು. ಕೆಲಸದ ವಿಷಯದಲ್ಲಿ ಸುಳ್ಳು ಹೇಳುವುದು ಅವನಿಗೆ ಇಷ್ಟು ಬೇಗ ರೂಢಿಯಾಗಿತ್ತು.

ಆ ಸಂಜೆ ಅವನು ಹೊಸ ರಸ್ತೆಗೆ ಹೋಗಲಿಲ್ಲ. ಗಿರಣಿಯ ಗೋಡೆ ಮೊದಲಿನಂತೆ ಕತ್ತಲಲ್ಲಿತ್ತು. ಇಬ್ಬರೂ ಕುರ್ಚಿ ಹಾಕಿಕೊಂಡು ಕೂತರು. ಟೈಲರಮ್ಮ ಅವನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು.

“ಒಂದು ಬಂತು” ಎಂದ. ಅದು ಕಿಂಡಿಯ ಅಂಚಿನಲ್ಲಿ ಬಹಳ ಹೊತ್ತು ಕೂತು, ಆಮೇಲೆ ಹಾರಿತು. ಅದಕ್ಕೆ ಅವಸರವಿರಲಿಲ್ಲ. “ಇನ್ನೊಂದು. ಅದರ ಎದೆಗೆ ಮರಿ ಅಂಟ್ಕೊಂಡಿದೆ. ಇನ್ನೆರಡು.” ಒಂದು ಹಾರಲಾಗದೆ ಜಲ್ಲಿಯ ಮೇಲೆ ಬಿತ್ತು, ಅದನ್ನೂ ಹೇಳಿದ. ಕೈಬೆರಳುಗಳಲ್ಲಿ ಎಣಿಸಿ ಮುಗಿಯುವಷ್ಟು ಹೊರಟವು. ಎಲ್ಲವೂ ಸುರಿದುಕೊಂಡು ಬರುವ ಆ ಗಳಿಗೆಗೆ ಅವನು ಸುಮ್ಮನೆ ಕಾದ. ಅದು ಬರಲಿಲ್ಲ.

“ಅಷ್ಟೇನಾ?”

“ಅಷ್ಟೆ.”

“ನಿಜ ತಾನೆ? ನನ್ನ ಸಮಾಧಾನಕ್ಕೆ ಜಾಸ್ತಿ ಮಾಡಿ ಹೇಳ್ತಿಲ್ಲ ತಾನೆ?”

ಅವನ ಮಾತೇ ತನ್ನ ಕಣ್ಣಾದ ಮೇಲೆ ಅವಳು ಅದಕ್ಕೆ ಹಾಗೆ ಎರಡನೇ ಮಾತು ಕೇಳಿದ್ದು ಅದೇ ಮೊದಲು. ಅವನಿಗೆ ಬಾವಲಿಗಳಿಗಿಂತ ಅದು ಹೆಚ್ಚು ನೋವು ಕೊಟ್ಟಿತು. ಆದರೆ ಯಾರ ಮೇಲೆ ಸಿಟ್ಟಾಗುವುದು? “ನಿಜ ಕಣೇ” ಎಂದ.

ಹಾಗೆ ಹೋದ ಬಾವಲಿಗಳು ಬೆಳಗಿನ ಜಾವ ಹಿಂದಿರುಗಲಿಲ್ಲ. ಕಾವಲುಗಾರ ಒಳಗೆ ಹೋಗಿ ನೋಡಿ ಬಂದು, ತೊಲೆಯ ಮೇಲೆ ಜೀವವಿರುವ ಒಂದೂ ಇಲ್ಲ ಎಂದ. ಲೈಟಣ್ಣ ಮತ್ತು ಅವನು ಸೇರಿ ನೆಲವನ್ನು ಗುಡಿಸಿ, ಹಿಂದೆ ಕೊಳವಿದ್ದ ಜಾಗದ ಅಂಚಿನಲ್ಲಿ ಗುಂಡಿ ತೋಡಿ ಮುಚ್ಚಿದರು. ಜಲ್ಲಿ ಹಾಕಿ ಗಟ್ಟಿ ಮಾಡಿದ ನೆಲ, ಅಗೆಯಲು ಬಹಳ ಹೊತ್ತು ಹಿಡಿಯಿತು.

ಟೈಲರಮ್ಮ ಮಾತ್ರ ಸಂಜೆಯಾದರೆ ಬಾಲ್ಕನಿಗೆ ಹೋಗುವುದನ್ನು ಬಿಡಲಿಲ್ಲ. ಬೇರೆ ಎಲ್ಲಿಗೆ ಹೋದಾವು, ಇವತ್ತಲ್ಲ ನಾಳೆ ಬಂದಾವು ಎನ್ನುತ್ತಿದ್ದಳು. ಅವನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಅವಳಿಗೆ ಈಗ ಸಂಜೆಯಲ್ಲಿ ಗೋಡೆ ಕೂಡ ಕಾಣುತ್ತಿರಲಿಲ್ಲ.

“ಬಂದ್ವಾ?”

“ಇಲ್ಲ.”

ಕತ್ತಲು ಪೂರ್ತಿ ಇಳಿಯಿತು. ದೂರದ ಹೊಸ ರಸ್ತೆಯ ದೀಪಗಳೆಲ್ಲ ತಾವಾಗಿ ಒಟ್ಟಿಗೇ ಹೊತ್ತಿಕೊಂಡವು.

“ಈಗ?”

“ಇಲ್ಲ.”

ಅವಳು ಕತ್ತಲಲ್ಲಿ ಸವರಿ ಅವನ ಕೈ ಹುಡುಕಿಕೊಂಡಳು. ಆಮೇಲೆ ಅವನ ಕೈಯನ್ನು ತಟ್ಟುತ್ತ, ಬಹಳ ಮೆತ್ತಗೆ ಹೇಳಿದಳು: “ಇರ್ತಾವೆ ಬಿಡಿ. ನಿಮಗೂ ವಯಸ್ಸಾಯ್ತು. ಅವು ಹೋಗ್ತಿರ್ತಾವೆ, ನಿಮಗೆ ಕಾಣ್ತಿಲ್ಲ ಅಷ್ಟೆ.”

ಹೂಂ ಎಂದುಬಿಡಬಹುದಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ. ಲೈಟಣ್ಣ ಇನ್ನೊಮ್ಮೆ ಗೋಡೆಯ ಕಡೆ ನೋಡಿದ. ದೂರದ ದೀಪಗಳ ಮಬ್ಬು ಬೆಳಕಿನಲ್ಲಿ ಸೂರಿನ ಕೆಳಗಿನ ಕಿಂಡಿಗಳು ಒಂದೊಂದಾಗಿ, ಸ್ಪಷ್ಟವಾಗಿ, ಅವನಿಗೆ ಕಾಣುತ್ತಿದ್ದವು.

“ಇಲ್ಲ ಕಣೇ” ಎಂದ. “ನನ್ನ ಕಣ್ಣು ಚೆನ್ನಾಗೇ ಇದೆ.”